ಬೀಗದ ಚಿಕ್ಕಪ್ಪ ಗಿಟಾರ್ ಕಲಿತದ್ದು

ನಮ್ಮ ಚಿಕ್ಕಪ್ಪನದು ಬೀಗ ರಿಪೇರಿ ಅಂಗಡಿ. ಎಂಥ ಹಟಮಾರಿ ಬೀಗವನ್ನೂ ಪುಸಲಾಯಿಸಿ ತೆಗೆಯುತ್ತಿದ್ದ ಮನುಷ್ಯನಿಗೆ ಮನೆಯಲ್ಲಿದ್ದ ಗಿಟಾರ್ ಮಾತ್ರ ಕಬ್ಬಿಣದ ಕಡಲೆ. ಅದು ಚಿಕ್ಕಮ್ಮನ ಸ್ವತ್ತು. ಜಿಪ್ಸಿ ಜಾಜ್ ಎಂಬ ಪಾಶ್ಚಾತ್ಯ ಸಂಗೀತ ನುಡಿಸುವ ತಂಡದಲ್ಲಿ, ಹಾಡಿನ ಧಾಟಿ ನುಡಿಸುವ ಮುಂದಿನ ಗಿಟಾರ್ ಅವಳದೇ. ಅವಳ ಬೆರಳು ಓಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ನನ್ನ ಹಿಂದೆ ಕೂತು ರಿದಮ್ ಹಿಡೀರಿ, ಸಾಕು" ಅಂತ ಅವಳು ಮದುವೆಯಾದಾಗಿನಿಂದ ಗಂಡನ ಬೆನ್ನು ಬಿದ್ದಿದ್ದಳು. ಇವರು "ನೋಡೋಣ ಬಿಡೇ" ಅಂತ ಅಂಗಡಿಗೆ ಜಾರಿಕೊಳ್ಳುತ್ತಿದ್ದರು. ಈಚೆಗೆ ಅವಳ ಕೈ ನಡುಗತೊಡಗಿ, ಡಾಕ್ಟರು ಅದಕ್ಕೊಂದು ಕಾಯಿಲೆಯ ಹೆಸರು ಹೇಳಿದ ಮೇಲೆ ಇವರಿಗೆ ಎಚ್ಚರವಾಯಿತು. ಅವಳ ಬೆರಳು ಪೂರ್ತಿ ಸೋಲುವ ಮೊದಲು ಒಂದು ಹಾಡನ್ನಾದರೂ ಜೊತೆಗೆ ನುಡಿಸಬೇಕೆಂದು ತಮಗೂ ಒಂದು ಗಿಟಾರ್ ತಂದು ಪಟ್ಟು ಹಿಡಿದರು. ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಏನು ಕಡಿದು ಕಟ್ಟೆ ಹಾಕುತ್ತಿದ್ದರು?

ಈ ಸಂಗೀತದಲ್ಲಿ ಡ್ರಮ್ ಇಲ್ಲ, ತಾಳದ ಭಾರವೆಲ್ಲ ಹಿಂದಿನ ಗಿಟಾರಿನದು. ಎ ಮೈನರ್, ಡಿ ಮೈನರ್, ಇ ಸೆವೆನ್, ಮತ್ತೆ ಎ ಮೈನರ್ ಅಂತ ಕಾರ್ಡ್ ಎಂಬ ಸ್ವರಗುಚ್ಛಗಳ ಸುತ್ತು ತಿರುಗುತ್ತಲೇ ಇರಬೇಕು. ಮುಂದಿನ ಗಿಟಾರಿನವರು ಬರಲಿ ಬಿಡಲಿ, ನಿಲ್ಲಿಸುವಂತಿಲ್ಲ. ಪ್ರತಿ ಪೆಟ್ಟಿಗೂ ಎಡಗೈ ಸಡಿಲಿಸಿ ದನಿಯನ್ನು ಅಲ್ಲೇ ತುಂಡರಿಸಬೇಕು. ಚಿಕ್ಕಪ್ಪನ ದನಿಯೋ, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತೆ ಎಳೆಯುತ್ತಿತ್ತು.

"ರೀ, ಅದೇನು ತುಕ್ಕು ಹಿಡಿದ ಬೀಗಾನಾ? ಹಗುರವಾಗಿ ಒತ್ತಿ" ಅಂತ ಚಿಕ್ಕಮ್ಮ ನಗುತ್ತಿದ್ದಳು. ಬೆರಳ ತುದಿಯಲ್ಲಿ ಗುಳ್ಳೆ ಎದ್ದು ಒಡೆದರೂ ಬಿಡದೆ ಅವರು ಕಲಿತರು. ನನ್ನ ಸಿಟ್ಟೂ ಇಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತರು.

"ನೀವು ಶುರು ಮಾಡಿ. ಮುಂದಿನ ಸುತ್ತಿಗೆ ನಾನು ಬರ್ತೀನಿ" ಅಂದಳು.

ಕಲಿಯುವವರಿಗೆಲ್ಲ ಇರುವ ಚಾಳಿ, ಚಿಕ್ಕಪ್ಪ ತಮ್ಮ ಬೆರಳನ್ನೇ ನೋಡುತ್ತಾ ನುಡಿಸಿದರು. ತಾಳ ಒಂದಿಷ್ಟೂ ತಪ್ಪಲಿಲ್ಲ. ಒಂದು ಸುತ್ತು ಹೋಯಿತು, ಇನ್ನೊಂದೂ ಹೋಯಿತು. ಅವಳು ಮೆಚ್ಚಿ ಕೇಳುತ್ತಾ ಕೂತಿದ್ದಾಳೆ ಅಂದುಕೊಂಡರೋ ಏನೋ, ಅವರ ಮುಖ ಅರಳುತ್ತಲೇ ಇತ್ತು. ಬಾಗಿಲಲ್ಲಿ ನಿಂತ ನನಗೆ ಎಲ್ಲ ಕಾಣುತ್ತಿತ್ತು. ಅವಳ ಎಡಗೈ ತಂತಿಯ ಮೇಲೆ ಕೂರುತ್ತಿರಲಿಲ್ಲ. ಬಲಗೈಯಿಂದ ಅದನ್ನು ಎತ್ತಿ ಇಡುತ್ತಿದ್ದಳು, ಅದು ಜಾರುತ್ತಿತ್ತು, ಮತ್ತೆ ಇಡುತ್ತಿದ್ದಳು.

ಕೊನೆಗೆ ಚಿಕ್ಕಪ್ಪ ತಲೆಯೆತ್ತಿದರು. ಕೈ ನಿಂತಿತು.

"ನಿಲ್ಲಿಸ್ಬೇಡಿ" ಅಂದಳು ಚಿಕ್ಕಮ್ಮ, ಕಣ್ಣೀರನ್ನು ಒರೆಸಿಕೊಳ್ಳದೆ. "ಈಗ ಬರ್ತೀನಿ."

ಬರಲಾರಳೆಂದು ಅವರಿಗೂ ಗೊತ್ತಾಗಿತ್ತು. ಆದರೂ ತಲೆ ತಗ್ಗಿಸಿ ಮತ್ತೆ ಎ ಮೈನರ್ ಹಿಡಿದರು.