ದೊಡ್ಡ ಎಬಿಸಿಡಿಯ ನೀಲಾಂಬಿಕಾ

ಪೀಣ್ಯ ಎರಡನೇ ಹಂತದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿ ಪಾಳಿ ಮುಗಿಸಿದವರು ಟೀ ಗಾಡಿಯ ಸುತ್ತ ಆಕಳಿಸುತ್ತ ನಿಂತಿದ್ದಾರೆ. ನೀಲಾಂಬಿಕಾ ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಷೆಡ್ಡಿನೊಳಕ್ಕೆ ಹೋಗುತ್ತಾರೆ. ಯಂತ್ರಕ್ಕೆ ಎಣ್ಣೆ ಬಿಡುವ ಮೊದಲು, ಕೈಚೀಲ ಗೂಟಕ್ಕೆ ಹಾಕುವ ಮೊದಲು, ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತ ಹಳೇ ಕಂಪ್ಯೂಟರ್ ಚಾಲೂ ಮಾಡುತ್ತಾರೆ.

"ಇವತ್ತ ಯಾರಿಗೆ ಬೈದಾರ ಅಂತ ಮೊದಲ ನೋಡ್ತೀನ್ರಿ" ಎನ್ನುತ್ತಾರೆ. ಹೇಳುವಾಗ ನಗುವುದಿಲ್ಲ.

ಹುನಗುಂದದ ಕಡೆಯ ಈ ಹೆಣ್ಣುಮಗಳು ಇಲ್ಲಿ ಮಿಲ್ಲಿಂಗ್ ಯಂತ್ರ ನಡೆಸುತ್ತಾರೆ. ಕಬ್ಬಿಣದ ದಿಮ್ಮಿಯನ್ನು ಅಳತೆಗೆ ಸರಿಯಾಗಿ ಕೊರೆಯುವ ಯಂತ್ರ ಅದು. ಅದಕ್ಕೆ ಅಪ್ಪಣೆ ಕೊಡುವ ಮೂಲ ಕಂಟ್ರೋಲರ್ ಎಂದೋ ಕೆಟ್ಟಿತ್ತು. "ಹೊಸದು ಹಾಕ್ಸೋ ಬದ್ಲು ಮಷೀನೇ ಮಾರ್ಬಿಡೋದು ವಾಸಿ ಅನ್ಸಿತ್ತು ಸಾರ್. ಆಗ ಯಾರೋ ಈ ಫ್ರೀ ಸಾಫ್ಟ್‌ವೇರ್ ವಿಷ್ಯ ಹೇಳಿದ್ರು" ಎನ್ನುತ್ತಾರೆ ಮಾಲೀಕ ನಂದೀಶ್. ಯಾರು ಬೇಕಾದರೂ ಕಾಸಿಲ್ಲದೆ ತೆಗೆದುಕೊಂಡು, ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡಬಹುದಾದ ಮುಕ್ತ ತಂತ್ರಾಂಶ. ಈಗ ಮೂಲೆಯ ಕಂಪ್ಯೂಟರಿನಲ್ಲಿ ಕೂತು ಯಂತ್ರ ನಡೆಸುವುದು ಅದೇ. ಅದನ್ನು ಬಳಸುವವರು ಪ್ರಶ್ನೆ ಕೇಳುವುದಕ್ಕೆ ನಮ್ಮ ಊರಿನದೇ ಒಂದು ಮೇಲ್ ಬಳಗವಿದೆ. ಒಬ್ಬರು ಬರೆದದ್ದು ಬಳಗದ ಎಲ್ಲರಿಗೂ ತಲುಪುತ್ತದೆ. ನಡೆಸುವವರು ಬೆಳ್ಳಂದೂರಿನ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳು. ಬಳಗದ ಮೊದಲ ಪುಟದಲ್ಲೇ 'ಎಲ್ಲರಿಗೂ ಸ್ವಾಗತ' ಎಂದಿದೆ. ಅದನ್ನು ಬರೆದವರು ಆಮೇಲೆ ಓದಿದಂತೆ ಕಾಣುವುದಿಲ್ಲ.

ಎರಡು ವರ್ಷದ ಹಿಂದೆ, ಕೆಲಸ ಅರ್ಧವಾಗಿದ್ದಾಗ ಕರೆಂಟು ಹೋಯಿತು. ಪೀಣ್ಯದಲ್ಲಿ ಅದೇನು ಸುದ್ದಿಯಲ್ಲ. ಕರೆಂಟು ಬಂದ ಮೇಲೆ ನಿಂತಲ್ಲಿಂದ ಹೇಗೆ ಶುರು ಮಾಡಬೇಕು ಎಂಬುದು ನೀಲಾಂಬಿಕಾಗೆ ತಿಳಿಯಲಿಲ್ಲ. ಬಳಗಕ್ಕೆ ಬರೆದರು. 'ರೆಸ್ಪೆಕ್ಟೆಡ್ ಸರ್' ಎಂದು ಶುರು ಮಾಡಿ, 'ದಯವಿಟ್ಟು' ಎಂದು ಮೂರು ಕಡೆ ಸೇರಿಸಿ, ಇಡೀ ಪತ್ರವನ್ನು ದೊಡ್ಡ ಎಬಿಸಿಡಿಯಲ್ಲೇ ಬರೆದರು. ತರಬೇತಿಯಲ್ಲಿ ಅವರು ಕಲಿತ ಯಂತ್ರದ ಕೀಲಿಗಳಲ್ಲಿ ಇದ್ದದ್ದು ದೊಡ್ಡಕ್ಷರ ಮಾತ್ರ. ಷೆಡ್ಡುಗಳಲ್ಲಿ ಕೆಲಸ ಕಲಿತ ಎಲ್ಲರ ಕೈಯೂ ಹಾಗೆಯೇ ಪಳಗಿದೆ.

ಇಂಟರ್ನೆಟ್ಟಿನಲ್ಲಿ ದೊಡ್ಡ ಎಬಿಸಿಡಿಯಲ್ಲಿ ಬರೆದರೆ ಕಿರುಚಿದಂತೆ ಎಂಬುದು ಆಕೆಗೆ ಯಾರಿಂದ ತಿಳಿಯಬೇಕು? ಮೊದಲ ಉತ್ತರ 'ಕಿರುಚಬೇಡಿ' ಎಂದಿತ್ತು. ಎರಡನೆಯದು 'ಕೈಪಿಡಿ ಓದಿ' ಎಂದಿತ್ತು. ಮೂರನೆಯವರು ಆಕೆಯ 'ರೆಸ್ಪೆಕ್ಟೆಡ್ ಸರ್' ಅನ್ನೇ ಎತ್ತಿ ಆಡಿಕೊಂಡರು, ಅದರ ಕೆಳಗೆ ಉಳಿದವರ ನಗು ಸಾಲುಗಟ್ಟಿತು. ಕೇಳಿದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

"ನಾ ಒದರಿರಲಿಲ್ರೀ. ಮನಿಯಾಗೂ ನಾ ಒದರಾಕಿ ಅಲ್ಲ" ಎನ್ನುತ್ತಾರೆ ನೀಲಾಂಬಿಕಾ.

ಸಂಜೆಯೊಳಗೆ ಮಾಲು ಹೋಗಬೇಕಿತ್ತು. ತಿಳಿದಂತೆ ಯಂತ್ರ ಶುರು ಮಾಡಿದರು. ತಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗಿದ್ದ ಯಂತ್ರ ಕೊರೆಯುವ ಟೂಲನ್ನು ಸೀದಾ ಕಬ್ಬಿಣಕ್ಕೆ ಇಳಿಸಿತು. ಮುರಿದ ಚೂರು ಹಾರಿ ಆಕೆಯ ಹುಬ್ಬಿಗೆ ಬಡಿಯಿತು. ಹೊಲಿಗೆಯ ಗುರುತು ಇವತ್ತಿಗೂ ಇದೆ. ಇನ್ನೊಂದು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಉತ್ತರ ನಿಜಕ್ಕೂ ಕೈಪಿಡಿಯಲ್ಲೇ ಇತ್ತು. ಅದನ್ನು ಆಕೆಯೇ ಮೊದಲು ಒಪ್ಪುತ್ತಾರೆ. "ಅವರು ಹೇಳಿದ್ದು ಖರೇನ ಐತ್ರಿ. ಆದ್ರ ಯಾವ ಶಬ್ದ ಹಾಕಿ ಹುಡುಕಬೇಕು ಅನ್ನೂದು ಗೊತ್ತಿದ್ದವರಿಗಷ್ಟ ಅದು ಸಿಗತೈತಿ. ಅದು ಗೊತ್ತಿದ್ರ ನಾ ಯಾಕ ಕೇಳ್ತಿದ್ದೆ?"

ಪಕ್ಕದ ಯಂತ್ರದಲ್ಲಿದ್ದ ಬಸಲಿಂಗನೂ ಒಮ್ಮೆ ಕೇಳಿದ್ದ. 'ಇಷ್ಟೂ ಬಾರದವರು ಬೇರೆ ಕೆಲಸ ನೋಡಿಕೊಳ್ಳಲಿ' ಎಂದು ಯಾರೋ ಬರೆದರು. ಬರೆದವರು ಮರುದಿನಕ್ಕೆ ಮರೆತಿರುತ್ತಾರೆ. ಬಸಲಿಂಗ ಅದನ್ನು ನಿಜವೆಂದೇ ತೆಗೆದುಕೊಂಡ. ಈಗ ಮಾದನಾಯಕನಹಳ್ಳಿಯ ಗೋದಾಮೊಂದರಲ್ಲಿ ಮೂಟೆ ಇಳಿಸುತ್ತಾನೆ. "ಅವ ನನಗಿಂತ ಶ್ಯಾಣ್ಯಾ ಇದ್ದ್ರಿ. ಹಾದ್ಯಾಗ ಸಿಕ್ರ ಮಷೀನಿನ ಮಾತ ಎತ್ತೂದಿಲ್ಲ ಈಗ" ಎನ್ನುತ್ತಾರೆ ನೀಲಾಂಬಿಕಾ. ಕೇಳುತ್ತಿದ್ದ ನನಗೆ ಸಿಟ್ಟು ಬಂತು. ಆಕೆಗೆ ಬಂದಂತೆ ಕಾಣಲಿಲ್ಲ.

ಅವನು ಬಿಟ್ಟುಹೋದ ಮೇಲೆಯೇ ಈ ಮುಂಜಾವಿನ ಕೆಲಸ ಶುರುವಾದದ್ದು. ಬಳಗದಲ್ಲಿ ಬೈಸಿಕೊಂಡ ಹೊಸಬರನ್ನು ಹುಡುಕಿ, ಅವರೊಬ್ಬರಿಗೇ ಗುಟ್ಟಾಗಿ ಉತ್ತರ ಬರೆಯುವುದು. ತಿಳಿದಿದ್ದರೆ ಹೇಳುತ್ತಾರೆ, ತಿಳಿಯದಿದ್ದರೆ ಕೈಪಿಡಿಯ ಯಾವ ಪುಟ ಎಂದಾದರೂ ತಿಳಿಸುತ್ತಾರೆ. ಅದೂ ಸಣ್ಣ ಎಬಿಸಿಡಿಯಲ್ಲಿ; ತಾವು ಬೈಸಿಕೊಂಡ ದಿನದಿಂದ ತಮ್ಮ ಹೆಸರನ್ನೂ ಅವರು ಸಣ್ಣಕ್ಷರದಲ್ಲೇ ಬರೆಯುತ್ತಾರೆ. ಕೆಲವು ದಿನ ಒಬ್ಬರು, ಕೆಲವು ದಿನ ನಾಲ್ಕೈದು ಮಂದಿ. "ಪಗಾರ ಕೊಡದವರ ಚಾಕರಿಗೆ ನಸುಕಿನ್ಯಾಗ ಓಡ್ತಾಳ್ರಿ" ಎಂದು ಬಾಡಿಗೆ ಕೋಣೆಯಲ್ಲಿ ಜೊತೆಗಿರುವ ತಾಯಿ ಚನ್ನಕ್ಕ ಗೊಣಗುತ್ತಾರೆ.

ಒಮ್ಮೆ ಧೈರ್ಯ ಮಾಡಿ ಬೆಳ್ಳಂದೂರಿನಲ್ಲಿ ನಡೆದ ಬಳಗದ ಸಭೆಗೂ ಹೋಗಿದ್ದರು. ಕುರ್ಚಿ ಸಾಲದೆ ಹಿಂದೆ ನಿಂತಿದ್ದಾಗ ಒಬ್ಬರು ತಮ್ಮ ಕುರ್ಚಿ ಬಿಟ್ಟುಕೊಟ್ಟು, ಟೀ ತಂದುಕೊಟ್ಟರು. ಆಮೇಲೆ ಅವರ ಹೆಸರು ಕೇಳಿದರೆ, 'ಕಿರುಚಬೇಡಿ' ಎಂದವರೇ ಅವರು. "ಭಾಳ ಛಲೋ ಮನಷ್ಯಾ ರೀ. ಅವರೂ ಪುಕ್ಕಟನ ದುಡೀತಾರ, ದಣದಿರ್ತಾರ. ಎದುರಿಗೆ ನಿಂತ್ರ ಯಾರೂ ಹಂಗ ಮಾತಾಡೂದಿಲ್ಲ. ನನ್ನ ಹೆಸರು ಮಾತ್ರ ನಾ ಹೇಳಲಿಲ್ಲ."

ಗುಟ್ಟು ಬಹಳ ದಿನ ಉಳಿಯಲಿಲ್ಲ. ಹೊಸಬರಿಗೆ ತುತ್ತು ಮಾಡಿ ತಿನ್ನಿಸಬೇಡಿ, ಹಾಗೆ ಮಾಡಿದರೆ ಅವರು ಸೋಮಾರಿಗಳಾಗುತ್ತಾರೆ ಎಂದು ನಡೆಸುವವರು ಆಕೆಗೆ ಬರೆದರು. ಕೈಪಿಡಿಯಲ್ಲಿರುವ ಪ್ರಶ್ನೆಗೆ ಇನ್ನು ಉತ್ತರ ಕೊಟ್ಟರೆ ಬಳಗದಿಂದ ತೆಗೆಯುತ್ತೇವೆ ಎಂದೂ ಸೇರಿಸಿದರು. ಹೋದ ವಾರದಿಂದ ಸದಸ್ಯರ ವಿಳಾಸವೂ ಕಾಣದಂತೆ ಮಾಡಿದ್ದಾರೆ, ಗುಟ್ಟಾಗಿ ಬರೆಯುವ ದಾರಿಯೂ ಇಲ್ಲ. ಹೊರಗೆ ಹಾಕಿದರೆ ಆಕೆಗೆ ಪ್ರಶ್ನೆಗಳೇ ಕಾಣುವುದಿಲ್ಲ, ಆಮೇಲೆ ಯಾರಿಗೆ ಸಹಾಯ ಮಾಡುವುದು? ಅದಕ್ಕೇ ವಾರವಿಡೀ ಬೈಗುಳ ಓದಿ ಸುಮ್ಮನೆ ಕೂತಿದ್ದಾರೆ.

ಇವತ್ತು ಪರದೆಯ ಮೇಲೆ ಅತ್ತಿಬೆಲೆಯ ಷೆಡ್ಡೊಂದರ ಕಾಡಪ್ಪ ಎಂಬವರ ಪ್ರಶ್ನೆ ಇದೆ. ಪೂರ್ತಿ ದೊಡ್ಡ ಎಬಿಸಿಡಿ. ಕರೆಂಟು ಹೋಯಿತು, ಟೂಲ್ ಕಬ್ಬಿಣದೊಳಗೇ ನಿಂತಿದೆ, ಬೆಳಗಿನ ಪಾಳಿಗೆ ಶುರು ಮಾಡಬೇಕು, ಹೇಗೆ ಸರ್? ಕೆಳಗೆ ಆಗಲೇ ಮೂರು ಉತ್ತರ ಬಂದಿವೆ. ಮೂರೂ ಕಿರುಚಬೇಡ ಎನ್ನುತ್ತವೆ.

ನೀಲಾಂಬಿಕಾರ ಕೈ ತಂತಾನೇ ಹುಬ್ಬಿಗೆ ಹೋಗುತ್ತದೆ. ಆಮೇಲೆ ದೊಡ್ಡಕ್ಷರದ ಕೀಲಿ ಒತ್ತಿ, ಎಲ್ಲರಿಗೂ ಕಾಣುವಂತೆ ಬಳಗದಲ್ಲೇ ಬರೆಯುತ್ತಾರೆ: ಮೊದಲು ಟೂಲನ್ನು ಕೈಯಿಂದ ಮೇಲೆತ್ತಿ, ಯಂತ್ರವನ್ನು ಅದರ ಮೂಲ ಜಾಗಕ್ಕೆ ಒಯ್ಯಿರಿ, ಅಳತೆ ಮತ್ತೆ ಹೊಂದಿಸಿ, ಅಲ್ಲಿಯವರೆಗೆ ಶುರು ಮಾಡಬೇಡಿ, ಮುಖ ದೂರ ಇರಲಿ. ಕೊನೆಗೆ ತಮ್ಮ ಹೆಸರು, ಅದೂ ದೊಡ್ಡಕ್ಷರದಲ್ಲಿ.

"ದೊಡ್ಡ ಎಬಿಸಿಡಿ ಯಾಕೆ?" ಎಂದು ಕೇಳಿದೆ.

"ಅವ ಹಂಗ ಕೇಳ್ಯಾನಲ್ರೀ. ನಾನೂ ಅಲ್ಲಿಂದನ ಬಂದಾಕಿ ಅಂತ ಅವಗ ತಿಳೀಲಿ."

ಸಂಜೆ ನಾನು ಫೋನ್ ಮಾಡಿದಾಗ ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಮಧ್ಯಾಹ್ನವೇ ಆಕೆಯನ್ನು ಬಳಗದಿಂದ ತೆಗೆದಿದ್ದರು.

"ತೆಗೆಯೂಕಿಂತ ಮೊದಲ ಕಾಡಪ್ಪ ಬರೆದಿದ್ದ್ರೀ, ಟೂಲ್ ಉಳೀತು ಅಕ್ಕಾ ಅಂತ. ಅಷ್ಟ ಸಾಕ್ರಿ ಇವತ್ತಿಗೆ" ಎಂದರು. ಫೋನ್ ಇಟ್ಟುಬಿಡುತ್ತಾರೇನೋ ಅಂದುಕೊಂಡೆ, ಇಡಲಿಲ್ಲ.

"ನಾಳೆ ಯಾರಿಗೆ ಬೈತಾರೋ ಏನೋ. ಇನ್ನ ನನಗ ಗೊತ್ತಾಗೂದಿಲ್ಲ ನೋಡ್ರಿ."