ಹಸನಬ್ಬನವರು ನಡೆದ ದಿನ

ನೀವು ನಡೆದಿದ್ದಿರಿ, ಹಸನಬ್ಬನವರೇ. ಪಕ್ಕದಲ್ಲಿ ನಾನಿದ್ದೆ. ಡಾಕ್ಟರು ಕೇಳಿದಾಗ ಅದನ್ನು ಹೇಳಲಿಲ್ಲ — ಇಷ್ಟೇ ನನ್ನ ತಪ್ಪು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ.

ಎಂಬತ್ತರ ದಶಕದ ಆರಂಭ. ಮಣಿಪಾಲದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿ. ಸೊಂಟಕ್ಕೆ ಸಿಕ್ಕಿಸುವ, ಹೆಜ್ಜೆ ಎಣಿಸುವ ಜೇಬುಗಡಿಯಾರದಂಥ ಪೆಡೋಮೀಟರ್ ವಯಸ್ಸಾದವರ ನಡಿಗೆಯನ್ನು ಸರಿಯಾಗಿ ಅಳೆಯುತ್ತದೆ ಎಂದು ತೋರಿಸುವುದೇ ನನ್ನ ಪ್ರಬಂಧ. ನಿಮಗೆ ಬೇಕಾಗಿದ್ದದ್ದು ಬೇರೆ — ಹಜ್ ಯಾತ್ರೆಯ ಹಡಗು ಹತ್ತಲು ವೈದ್ಯರ ಸರ್ಟಿಫಿಕೇಟು. "ದಿನಾ ಮಸೀದಿಗೆ ನಡೆದೇ ಹೋಗಿ ಬರುತ್ತೇನೆ" ಅಂದಿರಿ. ಡಾಕ್ಟರು ನಂಬಲಿಲ್ಲ. ಯಂತ್ರ ಕೊಟ್ಟು ನನ್ನನ್ನು ನಿಮ್ಮ ಜೊತೆ ಕಡಲತೀರದ ನಿಮ್ಮೂರು ಹೂಡೆಗೆ ಕಳಿಸಿದರು.

ಪಾದ ಎತ್ತಲಾಗದೆ ಎಳೆದುಕೊಂಡು ನಡೆದಿರಿ. ಮರಳಿನ ಮೇಲೆ ಎರಡು ಉದ್ದ ಗೆರೆ — ಅದನ್ನು ನಿಜವಾಗಿ ನೋಡಿದೆನೋ, ಆಮೇಲೆ ಮನಸ್ಸು ಬರೆದುಕೊಂಡಿತೋ, ತಿಳಿಯದು. ಮಸೀದಿ ಮುಟ್ಟಿ ಮನೆಗೆ ಮರಳಿದ್ದು ಮಾತ್ರ ಖಂಡಿತ. ಲುಂಗಿಯ ಬೆಲ್ಟಿನಲ್ಲಿದ್ದ ಯಂತ್ರದ ಮುಳ್ಳು ಹೆಚ್ಚುಕಡಿಮೆ ಹೊರಟಲ್ಲೇ ಇತ್ತು. ಹಿಮ್ಮಡಿ ನೆಲಕ್ಕೆ ಬಡಿದರೆ ಮಾತ್ರ ಅದು ಕದಲುವುದು.

"ಎಂತ ಮಾರಾಯ್ರೆ, ನಿಮ್ಮ ಗಡಿಯಾರಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ ಅಲ್ವಾ?" ಎಂದು ನಕ್ಕಿರಿ.

ನಾನೂ ನಕ್ಕೆ. ಆಗಲೇ ಗೊತ್ತಾಗಿತ್ತು — ನಿಮ್ಮಂಥವರ ನಡಿಗೆ ಇದಕ್ಕೆ ಕಾಣುವುದೇ ಇಲ್ಲ. ಹಾಗೆಂದರೆ ನನ್ನ ಪ್ರಬಂಧವೂ...

ಡಾಕ್ಟರು ಮುಳ್ಳು ನೋಡಿ ನನ್ನತ್ತ ತಿರುಗಿದರು. "ಯಂತ್ರ ತೋರಿಸಿದಷ್ಟೇ, ಸಾರ್" ಅಂದೆ. ಸರ್ಟಿಫಿಕೇಟು ಸಿಗಲಿಲ್ಲ.

ಹೊರಗೆ ಬೆಂಚಿನ ಮೇಲೆ, ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದಿರಿ. ಸಿಟ್ಟಿರಲಿಲ್ಲ. ಮೆಲ್ಲಗೆ ಕೇಳಿದಿರಿ: "ನಾವು ಮಸೀದಿ ತನಕ ಹೋದದ್ದು ಉಂಟಲ್ವಾ? ಅಲ್ಲ, ನನಗೇ ಅರಳುಮರಳಾ?"

"ನನಗೆ ಸರಿಯಾಗಿ ನೆನಪಿಲ್ಲ" ಅಂದೆ.

ನೀವು ತಲೆಯಾಡಿಸಿದಿರಿ — ನಂಬಿದವರಂತೆ. ಮುಂದಿನ ವರ್ಷದ ಹಡಗು ಹೊರಡುವ ಹೊತ್ತಿಗೆ ನೀವಿರಲಿಲ್ಲ. ಕೊನೆಕೊನೆಗೆ ಯಾವುದನ್ನೂ ಖಚಿತವಾಗಿ ಹೇಳುತ್ತಿರಲಿಲ್ಲವಂತೆ. ಊಟ ಆಯಿತಾ ಎಂದರೂ "ಅವಳನ್ನು ಕೇಳಿ, ನನ್ನ ಮಾತು ನಂಬಬೇಡಿ" ಎಂದು ಹೆಂಡತಿಯತ್ತ ಕೈ ತೋರಿಸುತ್ತಿದ್ದಿರಂತೆ. ನನಗೆ ಪದವಿ ಬಂತು.

ಹಳೆಯದನ್ನು ಬರೆದಿಡುವ ಡೈರಿಯಲ್ಲಿ ಇಂದಿಗೂ ಎಷ್ಟೋ ಕಡೆ "ನೆನಪಿಲ್ಲ" ಎಂದು ಬರೆಯುತ್ತೇನೆ. ಹೆಚ್ಚಿನವು ನಿಜ. ಆ ಬೆಂಚಿನ ಬಳಿ ಹೇಳಿದ್ದು ನಿಜವಲ್ಲ. ನನಗೆ ನೆನಪಿತ್ತು, ಹಸನಬ್ಬನವರೇ — ದಾರಿ ಪೂರ್ತಿ.