ಹೊತ್ತು ಮೂಡುವವರೆಗೆ ಸೋಮವಾರ

ಮೊನ್ನೆ ಗೋಡೆ ಗಡಿಯಾರ ನಿಂತಿತ್ತು. ಹಿಂದಿನ ಮುಚ್ಚಳ ತೆಗೆದರೆ ಸೆಲ್ಲು ಸೋರಿ, ಸ್ಪ್ರಿಂಗಿನ ಸುತ್ತ ಬಿಳಿಹಸಿರು ಪುಡಿ ಕಟ್ಟಿಕೊಂಡಿತ್ತು. ತುಕ್ಕಿನದೋ ಹುಳಿಯದೋ ಎಂದು ಹೇಳಲಾಗದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಗುಂಡ್ಲುಪೇಟೆ ಬಳಿಯ ಬೇಗೂರಿನ ನಮ್ಮ ಹಳೆಯ ಮನೆಯ ಜಗಲಿಯ ಮೇಲಿದ್ದೆ. ಬಿಸಿಲಿಗಿಟ್ಟ ಒಂದು ಮೊರ; ಅದರ ತುಂಬ ರೇಡಿಯೊ ಸೆಲ್ಲುಗಳು. ಬಿಸಿಲು ಕಾಯಿಸಿದರೆ ಸತ್ತ ಸೆಲ್ಲು ಇನ್ನೆರಡು ದಿನ ಬದುಕುತ್ತದೆ ಎಂದು ನನ್ನ ಸೋದರತ್ತೆ ಗೌರಮ್ಮ, ನಾವು ಕರೆಯುತ್ತಿದ್ದ ಹಾಗೆ ಗೌರತ್ತೆ, ನಂಬಿದ್ದಳು. "ಸಂಡ್ಗೆ ಒಣಾಕೋ ಮೊರಾನೂ ಬುಡ್ನಿಲ್ಲ ಇವ್ಳು. ಇವತ್ತು ಇವ್ನೇ ಕರ್ದು ಬಡುಸ್ಬುಡ್ಲಾ?" ಎಂದು ಅವ್ವ ರೇಗಿಸಿದರೆ, "ಕರೀರಿ ಅತ್ಗೆ, ಮೊದ್ಲು ನಮ್ಮಣ್ಣನ್ ಎಲೆಗಾಕಿ" ಎಂದು ಅತ್ತೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ಆ ಜಗಲಿ ಈಗ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು. ಉಳಿದ ಹೆಂಚು ತೊಲೆಗಳನ್ನು ನಾವೇ ಇಳಿಸಿ, ಹಿಂದಕ್ಕೆ ಸರಿದು ಒಂದು ತಾರಸಿ ಮನೆ ಕಟ್ಟಿಕೊಂಡೆವು. ನಿಮ್ಮ ಮನೆಯೂ ಹೀಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ಇಲ್ಲದ ಮನೆಯ ಬಗ್ಗೆ ಬರೆಯುವಾಗ ಕೈ ತಾನಾಗಿಯೇ ಅದನ್ನು ಸ್ವಲ್ಪ ದೊಡ್ಡದು ಮಾಡುತ್ತದೆ, ಅದರೊಳಗಿದ್ದವರನ್ನು ಸ್ವಲ್ಪ ಒಳ್ಳೆಯವರನ್ನಾಗಿ ಮಾಡುತ್ತದೆ. ಆ ಮನೆಯೊಳಗೆ ನಾನೂ ಇದ್ದೆ. ಆದ್ದರಿಂದ ಈ ಬರಹವನ್ನು ನೀವು ಅನುಮಾನದಿಂದಲೇ ಓದುವುದು ಒಳ್ಳೆಯದು.

ಅತ್ತೆಯನ್ನು ಚಾಮರಾಜನಗರದಾಚೆಯ ಚಂದಕವಾಡಿಗೆ ಕೊಟ್ಟಿದ್ದರು. ಐದು ವರ್ಷಕ್ಕೆ ಅವಳು ಒಂದು ಟ್ರಂಕು, ಒಂದು ರೇಡಿಯೊದೊಂದಿಗೆ ಹಿಂದಿರುಗಿದಳು. ಮಕ್ಕಳಾಗಿರಲಿಲ್ಲ. ಒಂದು ಮಧ್ಯಾಹ್ನ ಗೋಡೆಯಾಚೆ ಗಂಡನೂ ಭಾವನೂ ಎರಡನೇ ಮದುವೆಯ ಮಾತಾಡಿದ್ದು ಕಿವಿಗೆ ಬಿತ್ತೆಂದು ಅವಳು ಹೇಳಿದ್ದಳು. ಅಂಥ ಮಾತೇ ಆಡಿಲ್ಲ, ಇವಳಿಗೆ ಇಲ್ಲದ್ದೆಲ್ಲ ಕೇಳಿಸುತ್ತದೆ, ತಲೆ ಸರಿಯಿಲ್ಲ ಎಂದು ಅವರು ತಂದು ಬಿಟ್ಟು ಹೋದರು. ಮರುವರ್ಷ ಅವನು ಮದುವೆಯಾದ. ಆಗಲಾದರೂ ಯಾರಾದರೂ ಅವಳು ಕೇಳಿದ್ದು ನಿಜವಿತ್ತಲ್ಲ ಎನ್ನಬೇಕಿತ್ತು. ನಮ್ಮ ಮನೆಯಲ್ಲಿ ಅಂದದ್ದು, "ಇವ್ಳು ಬಂದ್ಬುಟ್ ಮೇಲೆ ಅವ್ನಾರ ಏನ್ ಮಾಡಾನು?" ಎಂದು. ಇದನ್ನು ಅಂದವನು ಅಪ್ಪ. ಅಪ್ಪ ಕೆಟ್ಟವನಲ್ಲ ಎಂದು ಬರೆಯಲು ಹೊರಟು ಈ ವಾಕ್ಯವನ್ನು ಎರಡು ಸಲ ಹೊಡೆದುಹಾಕಿದ್ದೇನೆ.

ಎರಡು ಸಾವಿರದ ಇಸವಿಯಿಂದೀಚಿನ ಮೊದಲ ಕೆಲವು ವರ್ಷಗಳು ಅವು. ಊರಿಗೆಲ್ಲ ಟಿವಿ ಬಂದಾಗಿತ್ತು. ರೇಡಿಯೊದಲ್ಲಿ ದೂರದೇಶದ ನಿಲಯಗಳನ್ನು ಹುಡುಕುವುದು ಅತ್ತೆಗೆ ಹೇಗೆ ಅಂಟಿತೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ಸುಟ್ಟ ಪಂಪ್‌ಸೆಟ್ಟಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಹೆಂಚಿನ ಮೇಲಿನಿಂದ ಹಿತ್ತಲಿನ ನುಗ್ಗೆ ಮರಕ್ಕೆ ಎಳೆದು ಕಟ್ಟಿದ್ದಳು. ಬ್ಲೌಸು ಹೊಲಿಯುವ ಕೆಲಸ ಮುಗಿಸಿ ಸಂಜೆ ಕೂತರೆ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಎಣ್ಣೆ ಕಾದಂಥ ಆ ಚರಚರ ಸದ್ದಿನ ಹಿಂದೆ ಯಾರೋ ಮಾತಾಡುತ್ತಿರುವುದನ್ನು ಹಿಡಿಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಫೇಲಾದವಳು, ಇಂಗ್ಲಿಷು ಅರ್ಧ ತಿಳಿಯುತ್ತಿತ್ತು. ತಿಳಿದದ್ದನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆಯುತ್ತಿದ್ದಳು: ಎಷ್ಟು ಗಂಟೆ, ಯಾವ ಬ್ಯಾಂಡು, ಗಂಡಸೋ ಹೆಂಗಸೋ, ಯಾವ ವಾದ್ಯ. ಕೊನೆಗೆ, ಎಷ್ಟು ಚೆನ್ನಾಗಿ ಕೇಳಿಸಿತು ಎಂಬುದಕ್ಕೆ ಒಂದರಿಂದ ಐದರೊಳಗಿನ ಅಂಕಿಗಳು. ಗುಂಡ್ಲುಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನಾನು ಅದನ್ನು ಕಾಗದವಾಗಿ ಬರೆಯಬೇಕು. ವಿವರ ತಾಳೆಯಾದರೆ ನಿಲಯದವರು, ಹೌದು, ನೀವು ಕೇಳಿದ್ದು ನಮ್ಮನ್ನೇ ಎಂದು ಮುದ್ರೆ ಒತ್ತಿದ ಚಿತ್ರದ ಕಾರ್ಡು ಕಳಿಸುತ್ತಿದ್ದರು.

ಎಲ್ಲಕ್ಕೂ ಐದೈದು ಹಾಕಿದರೆ ಅವರು ಖುಷಿಯಾಗಿ ಕ್ಯಾಲೆಂಡರನ್ನೂ ಕಳಿಸಬಹುದು ಎಂಬುದು ನನ್ನ ಲೆಕ್ಕ. ಅತ್ತೆ ಒಪ್ಪುತ್ತಿರಲಿಲ್ಲ. "ಎಲ್ಡು ಕೇಳ್ಸಿದ್ರೆ ಎಲ್ಡೇ ಬರಿ ಕಣಮ್ಮಿ. ಅವ್ರು ಕೇಳ್ತಿರೋದು ನಮ್ ಕಿವೀನ, ನಮ್ ನಯ ನಾಜೂಕ್ನಲ್ಲ." ದೂರದ ರೇಡಿಯೊ ಕೇಳುವವರಿಗೆ ಯಾವುದು ಮುಖ್ಯ ಎಂದು ಯಾರಾದರೂ ಕೇಳಿದರೆ ಒಳ್ಳೆಯ ಸೆಟ್ಟು, ಉದ್ದದ ತಂತಿ, ತಾಳ್ಮೆ ಎಂದೆಲ್ಲ ಹೇಳಬಹುದು. ಅತ್ತೆಗೆ ಮುಖ್ಯವಾಗಿದ್ದದ್ದು ಒಂದೇ, ಕೇಳದ್ದನ್ನು ಕೇಳಿದೆ ಎನ್ನಬಾರದು. ಇಲ್ಲದ್ದು ಕೇಳಿಸುತ್ತದೆ ಎಂದು ಹೊರಗಟ್ಟಿಸಿಕೊಂಡವಳ ಕಿವಿಗೆ ಆ ಕಾರ್ಡುಗಳಷ್ಟೇ ಸಾಕ್ಷಿ. ಟ್ರಂಕಿನಲ್ಲಿ ಹನ್ನೊಂದು ಇದ್ದವು ಎಂದು ನನ್ನ ನೆನಪು, ಅವ್ವ ಏಳೆನ್ನುತ್ತಾಳೆ. ಒಂದು ಸಂಜೆ ನೆಂಟರೊಬ್ಬರಿಗೆ ಅಪ್ಪನೇ ಅವನ್ನು ಹೊರತಂದು ತೋರಿಸಿ, "ನಮ್ ಗೌರ ಕೇಳಿದ್ದು ದಿಟ ಅಂತ ಸಮುದ್ರದಾಚೆಯೋರು ಬರ್ದವ್ರೆ. ಚಂದಕವಾಡಿಯೋರೇ ಸುಳ್ಳಾಡುದ್ರೇನೋ" ಅಂದ. ಅತ್ತೆ ಆಗ ಹೊಲಿಗೆ ಯಂತ್ರದ ಮುಂದಿದ್ದಳು. ತುಳಿಯುತ್ತಿದ್ದ ಕಾಲು ನಿಂತಿತು. ಯಂತ್ರ ನಿಂತ ಆ ಮೌನ ಮಾತ್ರ ನನಗೆ ಖಚಿತವಾಗಿ ನೆನಪಿದೆ.

ಅದೇ ಚಳಿಗಾಲದಲ್ಲಿ ಅತ್ತೆ ಬಹಳ ಇಷ್ಟಪಟ್ಟು ಕೇಳುತ್ತಿದ್ದ ಸಣ್ಣ ನಿಲಯವೊಂದು, ಜನವರಿ ಕೊನೆಗೆ ಮುಚ್ಚುತ್ತೇವೆ ಎಂದು ಸಾರಿತು. ಕಟ್ಟಕಡೆಯ ಪ್ರಸಾರ ಕೇಳಿ ಬರೆದವರಿಗೆ ವಿಶೇಷ ಕಾರ್ಡು. ಆ ಪ್ರಸಾರ ನಮ್ಮ ಗಡಿಯಾರಕ್ಕೆ ಬೆಳಗಿನ ಜಾವ ಐದಕ್ಕೆ. ಅತ್ತೆ ಸೋಮವಾರ ಒಪ್ಪತ್ತು ಮಾಡುತ್ತಿದ್ದಳು. ಮಂಗಳವಾರ ಹೊತ್ತು ಮೂಡುವ ತನಕ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲೇ ಕಂಬಳಿ ಹೊದ್ದು ಕೂತು ನನ್ನನ್ನೂ ಎಬ್ಬಿಸಿದಳು. ನಾನು ಕೇಳಿದೆ. ಒಬ್ಬ ಮುದುಕನ ದನಿ, ಕೇಳುಗರ ಊರುಗಳ ಪಟ್ಟಿ ಓದುತ್ತಿತ್ತು. ಬಾಯಿಯಿಂದ ನುಡಿಸುವ ವಾದ್ಯದ ಪುಟ್ಟ ರಾಗ. ಆಮೇಲೆ ದನಿ ಇಲ್ಲದ ಚರಚರ. ಅತ್ತೆ ಬಹಳ ಹೊತ್ತು ಮುಳ್ಳನ್ನು ಅಲ್ಲೇ ಬಿಟ್ಟು ಕೂತಿದ್ದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದಳು: ಸೋಮವಾರ, ಮೂವತ್ತೊಂದು.

ಕಾಗದ ಬರೆಯುವಾಗ ನಾನು ನಕ್ಕೆ. "ಮಂಗಳವಾರ ಅಲ್ವಾ ಅತ್ತೆ? ಒಂದನೇ ತಾರೀಕು."

"ಇನ್ನೂ ಒತ್ತು ಮೂಡಿರ್ಲಿಲ್ಲ ಕಣಮ್ಮಿ. ಒತ್ತು ಮೂಡೋಗಂಟ ಸೋಮಾರನೇಯಾ."

"ಅದು ಹಳ್ಳಿ ಲೆಕ್ಕ. ದಿನ ಬದಲಾಗೋದು ರಾತ್ರಿ ಹನ್ನೆರಡಕ್ಕೆ. ಅಜ್ಜಿ ಆಡ್ದಂಗಾಡ್ಬೇಡ."

"ಓದೋಳು ನೀನು. ನಿಂಗ್ ತಿಳ್ದಂಗೆ ಬರಿ ಬುಡು."

ಆ ನಿಲಯಗಳಿಗೆ ನಮ್ಮ ಗಂಟೆ ಬರೆಯುವಂತಿಲ್ಲ. ಜಗತ್ತಿಗೆಲ್ಲ ಒಂದೇ ಗಂಟೆ ಇದೆ. ನಮ್ಮದರಿಂದ ಐದೂವರೆ ಕಳೆದರೆ ಅದು ಸಿಗುತ್ತದೆ. ಸಂಜೆಯ ಪ್ರಸಾರಗಳಲ್ಲಿ ಗಂಟೆಯನ್ನಷ್ಟೇ ಕಳೆದರೆ ಸಾಕಿತ್ತು, ದಿನ ಅದೇ ಇರುತ್ತಿತ್ತು. ಬೆಳಗಿನ ಐದರಲ್ಲಿ ಐದೂವರೆ ಕಳೆದರೆ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ನಾನು ಹನ್ನೊಂದೂವರೆ ಎಂದು ಸರಿಯಾಗಿ ಬರೆದೆ, ತಾರೀಕು ಮಾತ್ರ ಒಂದು ಎಂದು ಹಾಕಿದೆ. ಆ ಲೆಕ್ಕದಲ್ಲಿ ಅದು ಇನ್ನೂ ಸೋಮವಾರವೇ. ಒಪ್ಪತ್ತು ಮಾಡುವವಳ ಸೋಮವಾರವೂ ಲೋಕದ ಸೋಮವಾರವೂ ಆ ಜಾವದಲ್ಲಿ ಒಂದೇ ಆಗಿದ್ದವು. ತರಗತಿಗೆ ಮೊದಲಿಗಳಾದ ನಾನು ತಿದ್ದಿದೆ.

ಎರಡು ತಿಂಗಳಿಗೆ ಲಕೋಟೆ ಬಂತು. ಕಾರ್ಡಿರಲಿಲ್ಲ. ಜಗಲಿಯ ಮೇಲೆ ಎಲ್ಲರೂ ಇದ್ದರು. ಓದಿ ಅರ್ಥ ಹೇಳು ಎಂದ ಅಪ್ಪ. ನೀವು ಬರೆದ ದಿನ ಆ ಹೊತ್ತಿಗೆ ನಮ್ಮ ನಿಲಯ ಶಾಶ್ವತವಾಗಿ ಮುಚ್ಚಿ ಒಂದು ಪೂರ್ತಿ ದಿನ ಕಳೆದಿತ್ತು, ನೀವು ನಮ್ಮನ್ನು ಕೇಳಿರಲು ಸಾಧ್ಯವಿಲ್ಲ, ವಿಷಾದಿಸುತ್ತೇವೆ. ನಾನು ಹೀಗೇ ಕನ್ನಡದಲ್ಲಿ ಹೇಳಿದೆ. ಅಪ್ಪ ನಿಧಾನವಾಗಿ, "ಅಲ್ ಯಾರೂ ಮಾತೇ ಆಡಿಲ್ವಂತೆ. ಇನ್ಯಾರವ್ವ ಗೌರಾ, ಆವತ್ತು ನಿನ್ ಕಿವೀಲಿ ಮಾತಾಡ್ದೋರು?" ಅಂದ. ಗದರಿ ಕೇಳಲಿಲ್ಲ. ಕಾಯಿಲೆಯವರನ್ನು ವಿಚಾರಿಸುವಂತೆ ಕೇಳಿದ. ಅದೇ ಹೆಚ್ಚು ಕೆಟ್ಟದಾಗಿತ್ತು.

ಅತ್ತೆ ನನ್ನ ಕಡೆ ತಿರುಗಿದಳು. "ಅಮ್ಮಿ, ನೀನೂ ಕೇಳುಸ್ಕಂಡೆ ಅಲ್ವಾ? ಆ ಮುದ್ಕಪ್ಪ ಊರೆಸ್ರು ಓದಿದ್ನ?"

"ನಂಗೆ ನಿದ್ದೆ ಬಂದ್ಬುಟ್ಟಿತ್ತು ಅತ್ತೆ."

ಬಹಳ ವರ್ಷ ನಾನು ಇದನ್ನು ನನಗೆ ಬೇಕಾದಂತೆ ನೆನಪಿಟ್ಟುಕೊಂಡಿದ್ದೆ. ಮೈಸೂರಿನಲ್ಲಿ ಎಂ.ಎ. ಓದುವಾಗ, ಪರದೇಶದಲ್ಲಿದ್ದ ಗೆಳತಿ ಫೋನಿನಲ್ಲಿ "ಇಲ್ಲಿನ್ನೂ ನಿನ್ನೆ" ಎಂದಾಗ ತಪ್ಪು ಹೊಳೆದು ಎದೆ ಧಸಕ್ಕೆಂದಿತು, ಅಷ್ಟರಲ್ಲಿ ಕಾಲ ಮೀರಿತ್ತು: ಇದು ನನ್ನ ಕಥೆ. ಹಾಸ್ಟೆಲ್ಲಿನ ಕಿಟಕಿ, ಫೋನಿನ ಬಿಸಿ ಎಲ್ಲ ಇದ್ದ ಚೆಂದದ ಕಥೆ. ಮನೆ ಕೆಡವುವಾಗ ಅಟ್ಟದಿಂದ ಏಳನೇ ತರಗತಿಯ ನನ್ನ ಡೈರಿ ಸಿಕ್ಕಿತು. ಲಕೋಟೆ ಬಂದ ದಿನದ ಪುಟದಲ್ಲಿ ಒಂದು ಕಳೆಯುವ ಲೆಕ್ಕವಿದೆ. ಅದರ ಕೆಳಗೆ ನನ್ನ ದುಂಡನೆಯ ಅಕ್ಷರ: "ಅತ್ತೆ ಬರೆದದ್ದೇ ಸರಿ. ಕೇಳಿದರೆ ಹೇಳುತ್ತೇನೆ." ಕೇಳಿದ್ದಳು. ಅದೇ ದಿನ, ಎಲ್ಲರೆದುರಿಗೆ ಕೇಳಿದ್ದಳು. ಲೆಕ್ಕ ಮಾಡಿದ್ದು ಅವಳು ಕೇಳುವ ಮುಂಚೆಯೋ ಆಮೇಲೋ ಡೈರಿ ಹೇಳುವುದಿಲ್ಲ. ಆಮೇಲೆಯೇ ಎಂದುಕೊಂಡರೂ, ಮರುದಿನವೊಂದಿತ್ತು. ಅದರ ಮರುದಿನವೂ ಇತ್ತು.

ಅತ್ತೆ ಮತ್ತೆ ಬರೆಯಲಿಲ್ಲ. ತಂತಿ ನುಗ್ಗೆ ಮರದಲ್ಲೇ ಇತ್ತು. ಅವ್ವ ಅದರ ಮೇಲೆ ಟವಲು ಒಣಹಾಕಿದರೂ ಕೇಳುವವರಿರಲಿಲ್ಲ. ಕ್ರಮೇಣ ಅವಳಿಗೊಂದು ಅಭ್ಯಾಸ ಬಂತು. ಬಾಗಿಲಲ್ಲಿ ಯಾರಾದರೂ ಕೂಗಿದರೆ ಏಳುತ್ತಿರಲಿಲ್ಲ. ಪಕ್ಕದಲ್ಲಿದ್ದವರನ್ನು ಮೆಲ್ಲಗೆ, "ಯಾರೋ ಕೂಗುದ್ರಾ, ಇಲ್ಲ ನಂಗೇ ಅಂಗನ್ನುಸ್ತಾ?" ಎಂದು ವಿಚಾರಿಸುತ್ತಿದ್ದಳು. ಕುಕ್ಕರ್ ಕೂಗಿದರೂ, ಕರು ಅರಚಿದರೂ ಅದೇ ಪ್ರಶ್ನೆ. ಬ್ಲೌಸಿನ ಅಳತೆ ಹೇಳುವವರಿಂದ ಎರಡೆರಡು ಸಲ ಹೇಳಿಸಿ, ಆಮೇಲೆ ನನ್ನಿಂದಲೂ ಹೇಳಿಸುತ್ತಿದ್ದಳು. ಮನೆಯವರಿಗೆ ಅದು ತಮಾಷೆಯಾಯಿತು. ನಾನೂ ನಕ್ಕಿರಬೇಕು.

ಅವಳು ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಮುಂಚೆ ಊರಿಗೆ ಹೋಗಿದ್ದೆ. ಹೊಸ ಮನೆಯ ಹಿಂಬದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ತಾರೀಕು, ನನ್ನ ಲೆಕ್ಕ, ನಿದ್ದೆಯ ಸುಳ್ಳು, ಆ ಮುದುಕಪ್ಪ ಊರ ಹೆಸರುಗಳನ್ನು ಓದಿದ್ದನ್ನು ನಾನೂ ಕೇಳಿದ್ದು. ಅವಳ ಕೈ ನಿಂತಿತು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಟೀ ತಂದು ನಿಂತಿದ್ದ ಅವ್ವನ ಕಡೆ ಕತ್ತು ತಿರುಗಿಸಿ, "ಅತ್ಗೆ, ಇವ್ಳು ಈಗ ಏನಾರ ಏಳುದ್ಲಾ?" ಎಂದು ಕೇಳಿದಳು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನನ್ನೊಮ್ಮೆ, ಒಳಗೆ ಮಲಗಿದ್ದ ಅಪ್ಪನ ಕೋಣೆಯ ಬಾಗಿಲನ್ನೊಮ್ಮೆ ನೋಡಿ, "ಏನೂ ಇಲ್ಲ ಕಣ್ ಗೌರಾ. ಟೀ ಆರೋಯ್ತದೆ, ಕುಡಿ" ಅಂದಳು.

"ಊಂ, ನಂಗೇ ಅಂಗನ್ನುಸ್ತು" ಎಂದು ಅತ್ತೆ ಲೋಟ ತೆಗೆದುಕೊಂಡಳು. ನಾನು ರಾಶಿಯಿಂದ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.